ಆನೆ ಏರಿ ಬರಬೇಕಿದ್ದ ಹಿಮ

ಹೋದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆಗೆ ಎರಡು ವಾರ ಮುಂಚೆ ವಿಭಾಗದ ಎಲ್ಲರಿಗೂ ಒಂದು ಮೇಲ್ ಬಂತು. ಅವರ ಬಗ್ಗೆ ಒಂದು ಸಿಹಿ ನೆನಪನ್ನು ಅರ್ಧ ಪುಟದಲ್ಲಿ ಬರೆದುಕೊಡಿ, ಎಲ್ಲವನ್ನೂ ಸೇರಿಸಿ ಪುಸ್ತಕ ಕಟ್ಟಿಸುತ್ತೇವೆ ಎಂದು. ನಾನು ಮೂರು ಸಂಜೆ ಕೂತು ಕೊನೆಗೆ ಎರಡು ಸಾಲು ಬರೆದೆ. ‘ನಾನು ಈ ದೇಶಕ್ಕೆ ಬಂದಾಗ ಅವರು ತುಂಬ ಸಹಾಯ ಮಾಡಿದರು. ಮುಂದಿನ ದಿನಗಳು ಸುಖವಾಗಿರಲಿ.’ ಎರಡೂ ಸುಳ್ಳಲ್ಲ. ಆದರೆ ಆ ಪುಸ್ತಕದಲ್ಲಿ ಹಿಡಿಸದೆ ಉಳಿದದ್ದು ಗಂಟಲಲ್ಲಿ ಕಫದ ಹಾಗೆ ಕೂತಿದೆ. ಅದನ್ನು ಇಲ್ಲಿ ಉಗುಳುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಡಚ್ಚರ ನಾಡಿನ ಈ ನಮ್ಮ ಊರು ಜೂಟರ್‌ಮೀರಿನ ಕನ್ನಡದವರಿಗೆ ಹೇಳದೆಯೂ ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗಿ ಆಗಬೇಕಾದ್ದೇನೂ ಇಲ್ಲ.

ಅವರೆಂದರೆ ನನಗೆ ಮೊದಲು ನೆನಪಾಗುವುದು ಅವರ ಬಲಗೈ ತೋರುಬೆರಳು. ಯಾವ ಹಾಳೆ ತಿರುವುವ ಮೊದಲೂ ಅದನ್ನು ನಾಲಿಗೆಗೆ ಒತ್ತಿಕೊಳ್ಳುತ್ತಿದ್ದರು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಒತ್ತಿಕೊಂಡಿರುತ್ತಿದ್ದರು, ಅಂಚೆಚೀಟಿ ಒದ್ದೆ ಮಾಡುವವರ ಹಾಗೆ. ಆಮೇಲೆ ಅದೇ ಬೆರಳು ಕ್ಯಾಂಟೀನಿನ ಚೀಸ್ ತಟ್ಟೆಗೆ ಹೋಗುತ್ತಿತ್ತು, ಒಂದಕ್ಕೊಂದು ಅಂಟಿದ ಹೋಳುಗಳನ್ನು ಬಿಡಿಸಿ ಬಿಡಿಸಿ ಎಲ್ಲರಿಗೂ ಹಂಚುತ್ತಿತ್ತು. ಎಂಜಲು ಎಂಬುದಕ್ಕೆ ಡಚ್ಚರಲ್ಲಿ ಪದವಿಲ್ಲ. ಅವರೆಲ್ಲ ಥ್ಯಾಂಕ್ಸ್ ಹೇಳಿ ತಿನ್ನುತ್ತಿದ್ದರು. ಪದ ಗೊತ್ತಿದ್ದ ನಾನು ಏಳು ವರ್ಷ ಆ ಮೇಜಿನಲ್ಲಿ ಚೀಸ್ ಮುಟ್ಟಲಿಲ್ಲ. ‘ಇವರಿಗೆ ಚೀಸ್ ಆಗಲ್ಲ, ಪಾಪ’ ಎಂದು ಅವರೇ ಎಲ್ಲರಿಗೂ ಹೇಳಿಬಿಟ್ಟಿದ್ದರು.

ಆ ಮೇಜಿನ ವಿಚಾರ ಹೇಳಬೇಕು. ನಮ್ಮ ಆಫೀಸು ಇರುವುದು ನ್ಯೂವೆಗೈನ್‌ನ ಒಂದು ಬಿಸಿನೆಸ್ ಪಾರ್ಕಿನಲ್ಲಿ. ಸುತ್ತ ಕಣ್ಣು ಹಾಯುವಷ್ಟು ದೂರ ಅಂಗೈಯಷ್ಟು ಸಪಾಟು. ಗುಡ್ಡ ಎನ್ನಲು ಪಾರ್ಕಿಂಗ್ ಕಟ್ಟಡದ ಮೇಲಿನ ಮಹಡಿ ಒಂದೇ. ಇಂಥ ಊರಿನಲ್ಲಿ, ಸೆಪ್ಟೆಂಬರ್ ಮುಗಿಯುತ್ತಿದ್ದಂತೆ, ಕಿಟಕಿ ಪಕ್ಕದ ಮೇಜಿನಲ್ಲಿ ಹಿಮದ ಮಾತು ಶುರುವಾಗುತ್ತದೆ. ಸ್ಕೀ ಹುಚ್ಚಿನವರು ಒಂದು ಹನ್ನೆರಡು ಮಂದಿ. ಜನವರಿ ಕೊನೆಗೆ ಒಂದು ವಾರ ಎಲ್ಲರೂ ಒಟ್ಟಾಗಿ ಆಸ್ಟ್ರಿಯಾಕ್ಕೆ ಹೋಗುತ್ತಾರೆ. ಎಲ್ಲಿಗೆ ಹೋಗಬೇಕು ಎನ್ನುವುದನ್ನು ಅಕ್ಟೋಬರಿನಲ್ಲೇ ನಿರ್ಧರಿಸಬೇಕು. ಎತ್ತರದ ಊರಾದರೆ ಹಿಮ ಖಾತ್ರಿ, ಆದರೆ ಇಳಿಜಾರು ಕಡಿದು. ತಗ್ಗಿನ ಹಳ್ಳಿಯಾದರೆ ಇಳಿಜಾರು ಸಲೀಸು, ಆದರೆ ಹಿಮ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ನಾಲ್ಕು ವಾರ ಊಟದ ಹೊತ್ತಿಗೆಲ್ಲ ಇದೇ ಚರ್ಚೆ. ಹೆಂಕ್ ಎಂಬ ಲೆಕ್ಕಾಚಾರದ ಮನುಷ್ಯ ಸಮುದ್ರ ಎಷ್ಟು ಬೆಚ್ಚಗಿದೆ ಎಂಬ ಕೆಂಪು ನೀಲಿ ನಕಾಶೆ ತರುತ್ತಿದ್ದ. ಇನ್ನೊಬ್ಬರು ಈ ಸಲ ಓಕ್ ಮರದ ಕಾಯಿ ಜಾಸ್ತಿ ಉದುರಿದೆ, ಚಳಿ ಜೋರು ಎನ್ನುತ್ತಿದ್ದರು. ಮಾರ್ಲೀಸ್ ತನ್ನ ಬಾಲ್ಕನಿಯ ಜೇಡಗಳ ವರದಿ ಕೊಡುತ್ತಿದ್ದಳು. ಎಲ್ಲರ ಮಾತು ಮುಗಿಯುವವರೆಗೆ ಇವರು ಮಜ್ಜಿಗೆ ಕುಡಿಯುತ್ತಾ ಸುಮ್ಮನಿರುತ್ತಿದ್ದರು. ಆಮೇಲೆ ಚೀಲದಿಂದ ಪಂಚಾಂಗ ತೆಗೆಯುತ್ತಿದ್ದರು.

ಪ್ರತಿ ವರ್ಷ ಯುಗಾದಿಗೆ ಮೈಸೂರಿನಿಂದ ತರಿಸಿಕೊಳ್ಳುವ ಪಂಚಾಂಗ ಅದು. ಅದರಲ್ಲಿ ಮಳೆ ನಕ್ಷತ್ರಗಳ ಪುಟ ಇರುತ್ತದಲ್ಲ, ಅಶ್ವಿನಿಯಿಂದ ಹಿಡಿದು ಯಾವ ಮಳೆ ಯಾವತ್ತು ಹುಟ್ಟುತ್ತದೆ, ಅದರ ವಾಹನ ಯಾವುದು, ಫಲವೇನು ಎಂದು, ಆ ಪುಟವನ್ನು ಬೆರಳು ನೆಕ್ಕಿ ತೆಗೆಯುತ್ತಿದ್ದರು. ನಮ್ಮ ರೈತ ರಾಗಿ ಬಿತ್ತಲು ನೋಡುವ ಪುಟದಲ್ಲಿ ಇವರು ಆಸ್ಟ್ರಿಯಾದ ಹಿಮ ನೋಡುತ್ತಿದ್ದರು. ಮೊದಲ ವರ್ಷ ನಾನು ನಕ್ಕುಬಿಟ್ಟಿದ್ದೆ.

“ನಗ್ಬೇಡಿ. ಹಿಮ ಅಂದ್ರೆ ಏನ್ರೀ? ಗಟ್ಟಿಯಾದ ಮಳೆ. ಮಳೆಗೆ ನಕ್ಷತ್ರ ಇದ್ಮೇಲೆ ಹಿಮಕ್ಕಿರಲ್ವಾ? ಇಲ್ಲಿ ಎಲ್ಲಾ ಸ್ವಲ್ಪ ಲೇಟು, ಅಷ್ಟೇ. ಅಕ್ಟೋಬರ್‌ನಲ್ಲಿ ಚಿತ್ತೆ ಹೆಂಗೋ, ಜನವರಿಯಲ್ಲಿ ಸ್ನೋ ಹಂಗೆ. ಥ್ರೀ ಮಂತ್ಸ್ ಆ್ಯಡ್ ಮಾಡ್ಕೊಳ್ಳಿ” ಎಂದಿದ್ದರು.

ಅವರಿಗೆ ನಿಜವಾಗಿ ನಂಬಿಕೆ ಇತ್ತೇ? ಇರಲಿಲ್ಲ. ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ನಂಬುವವರನ್ನು ಕಂಡರೆ ನನಗೆ ಹೇಸಿಗೆಯಿಲ್ಲ. ಇವರು ಒಂದು ವರ್ಷವೂ ಹಿಮ ಕಡಿಮೆ ಎಂದು ಹೇಳಲಿಲ್ಲ. ಪ್ರತಿ ವರ್ಷವೂ ಭರ್ಜರಿ. ಮೂರು ವರ್ಷ ಸಾಲಾಗಿ ಅದು ಹೇಗೋ ನಿಜವೂ ಆಯಿತು, ಮೇಜಿನಲ್ಲಿ ಅವರ ಮಾತಿಗೆ ತೂಕ ಬಂತು. ಹೆಂಕ್‌ನ ನಕಾಶೆ ಬದಿಗೆ ಸರಿಯಿತು. ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು’ ಎನ್ನುವುದನ್ನು ಡಚ್ಚಿಗೆ ತಂದು ಹೇಳಿ, ಆ ದೊಡ್ಡ ದೊಡ್ಡ ಮನುಷ್ಯರು ಮಕ್ಕಳ ಹಾಗೆ ಕೇಳಿಸಿಕೊಳ್ಳುವುದನ್ನು ನೋಡುತ್ತಾ, ನನ್ನ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದರು. ಆ ಕಣ್ಣು ಹೊಡೆತ ನನಗೆ ಚೀಸ್ ತಟ್ಟೆಗಿಂತ ಅಸಹ್ಯವಾಗುತ್ತಿತ್ತು. ನನ್ನನ್ನೂ ಒಳಗೆ ಸೇರಿಸಿಕೊಂಡ ಹಾಗೆ.

ಹಾಗಾದರೆ ಬಾಯಿ ಬಿಡಬೇಕಿತ್ತು ತಾನೇ, ಎನ್ನುತ್ತೀರಿ. ಅದಕ್ಕೆ ಇನ್ನೊಂದು ಕಥೆ ಹೇಳಬೇಕಾಗುತ್ತದೆ. ನಾನು ಈ ದೇಶದಲ್ಲಿ ಇಳಿದ ದಿನ ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಬಂದು ನಿಂತವರು ಅವರು, ಕೈಯಲ್ಲಿ ನನ್ನ ಅಳತೆ ಗೊತ್ತಿಲ್ಲದೆ ತಂದ ಒಂದು ದೊಗಲೆ ಜಾಕೆಟ್ ಹಿಡಿದು. ಗೆಮೇಂತೆ ಅಂದರೆ ಇಲ್ಲಿನ ಪುರಸಭೆ. ಅಲ್ಲಿ ನನ್ನ ಜನನ ಪತ್ರದ ಮುದ್ರೆ ಸರಿಯಿಲ್ಲ ಎಂದು ಮೂರು ಸಲ ವಾಪಸ್ ಕಳಿಸಿದಾಗ, ಮೂರು ಸಲವೂ ರಜೆ ಹಾಕಿ ಜೊತೆಗೆ ಬಂದವರೂ ಅವರೇ. ಮೊದಲ ತಿಂಗಳು ವಾರಕ್ಕೆರಡು ದಿನ ಅವರ ಮನೆಯಲ್ಲೇ ಊಟ. ಬಿಸಿಬೇಳೆಬಾತಿಗೆ ತುಪ್ಪ ಹಾಕುವಾಗ ಸಾಕು ಎಂದರೂ ಕೈ ನಿಲ್ಲಿಸುತ್ತಿರಲಿಲ್ಲ. ಅನ್ನದ ಋಣ ಎನ್ನುವುದು ಒಂದು ಇದೆ. ಅದು ಬಾಯಿಗೆ ಹಾಕುವ ಬೀಗವೂ ಹೌದು ಎಂದು ನನಗೆ ಆಮೇಲೆ ಗೊತ್ತಾಯಿತು.

ನಾವಿಬ್ಬರೂ ಜೂಟರ್‌ಮೀರಿನಲ್ಲೇ ಇದ್ದದ್ದರಿಂದ ಬೆಳಗ್ಗೆ ಒಂದೇ ರೈಲು. ಅವರಿಗೆ ಸ್ಟಿಲ್ಟೆ ಬೋಗಿಯಲ್ಲೇ ಕೂರಬೇಕು, ಮಾತಾಡಬಾರದು ಎಂದು ಗಾಜಿನ ಮೇಲೆ ಬರೆದಿರುವ ಬೋಗಿಯಲ್ಲಿ. ಅಲ್ಲೇ ಗಟ್ಟಿಯಾಗಿ ಕನ್ನಡ. ಒಮ್ಮೆ ಎದುರಿನ ಹೆಂಗಸು ಗಾಜಿನ ಮೇಲಿನ ಬರಹ ತೋರಿಸಿದಳು. ಇವರು ಅವಳಿಗೆ ಕೈಮುಗಿದು, ಸಿಹಿಯಾಗಿ ನಕ್ಕು, ನನ್ನ ಕಡೆ ತಿರುಗಿ ಅದೇ ನಗುವಿನಲ್ಲಿ, “ಮನೇಲಿ ಮಾತಾಡ್ಸೋರು ಯಾರೂ ಇಲ್ಲ ಅನ್ಸುತ್ತೆ ಪಾಪ, ಅದಕ್ಕೇ ಉರಿ” ಎಂದರು. ಅವಳು ಕ್ಷಮೆ ಕೇಳಿದರು ಅಂದುಕೊಂಡು ತಲೆಯಾಡಿಸಿದಳು. ಇದು ಅವರ ಕಲೆ. ಎದುರಿಗಿರುವವರಿಗೆ ಬೇಕಾದ ಮುಖ ಒಂದು, ಒಳಗೆ ಇನ್ನೊಂದು, ಎರಡೂ ಏಕಕಾಲಕ್ಕೆ. ಒಮ್ಮೆ ನಾನು ಕೇಳಿದ್ದೆ, ಪ್ರತಿ ವರ್ಷ ಭರ್ಜರಿ ಅಂತೀರಲ್ಲ, ಒಂದು ವರ್ಷ ಕೈಕೊಟ್ಟರೆ ಎಂದು. “ಕೇಳೋರಿಗೆ ಏನು ಬೇಕೋ ಅದನ್ನ ಹೇಳೋದೇ ಶಾಸ್ತ್ರ ಕಣ್ರೀ. ಬೇಡದ್ದನ್ನ ಹೇಳೋಕೆ ಹೆಂಕ್ ಇದಾನಲ್ಲ” ಎಂದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಹೋದ ವರ್ಷದ ಹಿಂದಿನ ವರ್ಷ ಅಕ್ಟೋಬರಿನಲ್ಲಿ ರೋಗಿಯೇ ಬಂದಳು. ಮಾರ್ಲೀಸ್. ಅರವತ್ತೊಂದರ ಹೆಂಗಸು, ಗಂಡ ತೀರಿಕೊಂಡು ಬಹಳ ಕಾಲವಾಗಿದೆ, ಆಫೀಸಿನಲ್ಲಿ ಎಲ್ಲರ ಹುಟ್ಟುಹಬ್ಬಕ್ಕೂ ಸೇಬಿನ ಕೇಕ್ ಮಾಡಿ ತರುವವಳು. ಅವಳ ಬಲ ಮಂಡಿ ಸವೆದುಹೋಗಿತ್ತು. ಮಾರ್ಚಿನಲ್ಲಿ ಬದಲಿಸಬೇಕು, ಆಮೇಲೆ ಸ್ಕೀ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಈ ಜನವರಿಯೇ ಕೊನೆ. ಅವಳು ಅದನ್ನು ಅಳದೆ, ಬಸ್ಸಿನ ಸಮಯ ಹೇಳುವಂತೆ ಮೇಜಿನಲ್ಲಿ ಹೇಳಿದಳು. ಮುಂದೆ ಎರಡು ದಾರಿಗಳಿದ್ದವು. ಹೆಂಕ್ ತೋರಿಸಿದ ಎತ್ತರದ ಊರಿನಲ್ಲಿ ಹಿಮನದಿ ಇತ್ತು, ಹಿಮ ಖಾತ್ರಿ. ಅವಳ ಮಂಡಿಗೆ ತಕ್ಕ ಸಣ್ಣದೊಂದೆರಡು ಇಳಿಜಾರು ಅಲ್ಲೂ ಇದ್ದವು. ಇನ್ನೊಂದು, ತಗ್ಗಿನಲ್ಲಿದ್ದ ಒಂದು ಹಳ್ಳಿ. ಆರು ವರ್ಷದವಳಿದ್ದಾಗ ಅವಳ ಅಪ್ಪ ಅವಳನ್ನು ತನ್ನ ಎರಡು ಕಾಲುಗಳ ಮಧ್ಯೆ ನಿಲ್ಲಿಸಿಕೊಂಡು ಸ್ಕೀ ಕಲಿಸಿದ ಹಳ್ಳಿ. ಶುರುವಾದಲ್ಲೇ ಮುಗಿಸುವ ಆಸೆ ಅವಳಿಗೆ. ಹೆಂಕ್ ಬೇಡ ಎಂದ. ಸಮುದ್ರ ಬೆಚ್ಚಗಿದೆ, ತಗ್ಗಿನಲ್ಲಿ ಈ ಸಲ ಮಳೆಯೇ ಆಗುತ್ತದೆ ಎಂದ. ಅವಳು ಇವರ ಕಡೆ ತಿರುಗಿದಳು.

ಇವರು ಬೆರಳು ನೆಕ್ಕಿ ಪುಟ ತೆಗೆದರು. ನಾನು ಪಕ್ಕದಲ್ಲೇ ಕೂತಿದ್ದೆ. ಚಿತ್ತೆ ಮಳೆಯ ಸಾಲು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ವಾಹನ ಇಲಿ. ಫಲ ಅಲ್ಪವೃಷ್ಟಿ. ಇವರ ಬೆರಳು ಅದರ ಮೇಲೆಯೇ ಇತ್ತು, ಒದ್ದೆಗೆ ಕಾಗದ ಸ್ವಲ್ಪ ಕಪ್ಪಾಗಿತ್ತು.

“ಆನೆ!” ಎಂದರು ಡಚ್ಚಿನಲ್ಲಿ. “ಈ ಸಲ ಹಿಮ ಆನೆಯ ಮೇಲೆ ಬರುತ್ತದೆ, ಮಾರ್ಲೀಸ್. ಹೋಗು, ನಿನ್ನ ಅಪ್ಪನ ಹಳ್ಳಿಗೇ ಹೋಗು.”

ಮೇಜಿನಲ್ಲಿ ಚಪ್ಪಾಳೆ. ಮಾರ್ಲೀಸ್ ಮಾತ್ರ ನನ್ನನ್ನು ನೋಡಿದಳು. “ನಿನಗೂ ಓದೋಕೆ ಬರುತ್ತಲ್ಲ. ನಿಜವಾಗಿ ಆನೆ ಅಂತ ಇದೆಯಾ?”

ಆ ಕಟ್ಟಡದಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ. ಇವರೂ ನನ್ನನ್ನು ನೋಡಿದರು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಭಯವೂ ಇರಲಿಲ್ಲ. ತುಪ್ಪ ಹಾಕುವಾಗ ಇರುತ್ತಿದ್ದ ಅದೇ ನಿಶ್ಚಿಂತೆ. ನಾನು ಯೋಚಿಸಿದೆ, ಇಲಿಯಾದರೇನು ಆನೆಯಾದರೇನು, ಮಂಡ್ಯದ ಗದ್ದೆಗೆ ಬರೆದ ಫಲಕ್ಕೂ ಆಸ್ಟ್ರಿಯಾದ ಗುಡ್ಡಕ್ಕೂ ಏನು ಸಂಬಂಧ? ಪರದೇಶದವರ ಎದುರು ನಮ್ಮವರ ಮಾನ ಕಳೆಯುವುದು ಯಾಕೆ? ಇವೆಲ್ಲ ಆಮೇಲೆ ಹೊಲಿದ ತೇಪೆ ಇರಬಹುದು. ಆ ಕ್ಷಣಕ್ಕೆ ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು.

“ಹೌದು, ಆನೆ.”

ಮಾರ್ಲೀಸ್ ಆ ಹಾಳೆ ತನಗೆ ಬೇಕು ಎಂದಳು, ಶುಭಕ್ಕೆ ಇಟ್ಟುಕೊಳ್ಳುತ್ತೇನೆ ಎಂದು. ಇವರು ಪಂಚಾಂಗದಿಂದ ಹಾಳೆಯನ್ನು ಪರ್ ಎಂದು ಹರಿದು, ದಾನ ಕೊಡುವವರಂತೆ ಎರಡೂ ಕೈಯಲ್ಲಿ ಕೊಟ್ಟರು. ಮರುದಿನ ಅವಳ ಸ್ಕೀ ಹೆಲ್ಮೆಟ್ಟಿನ ಫೋಟೋ ಮೇಜಿನವರ ಫೋನ್ ಗುಂಪಿಗೆ ಬಂತು. ಹಿಂಭಾಗದಲ್ಲಿ ಒಂದು ನೀಲಿ ಆನೆ ಸ್ಟಿಕ್ಕರ್ ಅಂಟಿಸಿದ್ದಳು. ಆ ಮೂರು ತಿಂಗಳು ಅವಳು ಜೂಟರ್‌ಮೀರಿಗೆ ಬಂದು, ಇಲ್ಲಿನ ಒಳಾಂಗಣ ಸ್ಕೀ ಹಾಲಿನಲ್ಲಿ, ಆ ಫ್ರಿಜ್ಜಿನೊಳಗಿನ ಇಳಿಜಾರಿನಲ್ಲಿ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಅಭ್ಯಾಸ ಮಾಡಿದಳು.

ಹೊರಡಲು ಕೆಲವೇ ದಿನ ಇರುವಾಗ ಇವರಿಗೆ ಸೊಂಟ ಹಿಡಿಯಿತು. ಸೋಮವಾರ ಹಿಡಿಯಿತು, ಮಂಗಳವಾರ ಬರಲಾಗುವುದಿಲ್ಲ ಎಂದು ಸಂದೇಶ ಬಂತು, ಜೊತೆಗೆ ಮೂರು ಕಣ್ಣೀರಿನ ಮುಖ. ಉಳಿದವರು ಹೋದೆವು. ನಾನೂ ಮೊದಲ ಸಲ ಹೋಗಿದ್ದೆ, ಹಿಮದ ಮೇಲೆ ಬೀಳುವುದನ್ನು ಕಲಿಯಲು.

ಹಳ್ಳಿ ಹಸಿರಾಗಿತ್ತು. ಮಳೆ, ಒಂದೇ ಸಮನೆ ಮಳೆ. ಚಳಿಗಾಲ ಮುಗಿದೇ ಹೋಯಿತು ಎನ್ನುವಂತೆ ರೈತರು ಹುಲ್ಲುಗಾವಲಿಗೆ ಗಂಜಲದ ಗೊಬ್ಬರ ಸಿಂಪಡಿಸಿದ್ದರು. ಕಿಟಕಿ ತೆಗೆದರೆ ಸಗಣಿಯ ನಾತ, ಮುಚ್ಚಿದರೆ ಒಣಗದ ಸಾಕ್ಸುಗಳ ನಾತ. ಗುಡ್ಡದ ಮೇಲಿಂದ ಕೆಳಗೆ ಯಂತ್ರದಲ್ಲಿ ಮಾಡಿದ ಹಿಮದ ಒಂದೇ ಒಂದು ಪಟ್ಟಿ ಇತ್ತು, ಹಳೇ ಬ್ಯಾಂಡೇಜಿನಷ್ಟು ಕೊಳಕಾಗಿ. ಬೆಳಗ್ಗೆ ಊಟದ ಮನೆಯಲ್ಲಿ ಮಾರ್ಲೀಸ್ ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದಳು. “ಆನೆ ನಿಧಾನ ಅಲ್ವಾ, ಬರುತ್ತೆ” ಎಂದು ಮೊದಲ ದಿನ ಎಲ್ಲರನ್ನೂ ನಗಿಸಿದಳು. ಎರಡನೇ ದಿನವೂ ಹೇಳಿದಳು. ಮೂರನೇ ದಿನ ನನಗೊಬ್ಬನಿಗೇ ಹೇಳಿದಳು, ಮೆಲ್ಲಗೆ, ನಾನು ಒಪ್ಪಲಿ ಎನ್ನುವ ಹಾಗೆ. ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ, “ಹೌದು” ಎಂದೆ.

ಐದನೇ ದಿನ ಅವಳು ಆ ಪಟ್ಟಿಯ ಮೇಲೆ ಇಳಿದಳು. ಮೂರು ತಿರುವು ಚೆನ್ನಾಗಿಯೇ ತೆಗೆದುಕೊಂಡಳು, ಬೆನ್ನು ನೆಟ್ಟಗೆ, ಮಂಡಿ ಮೆತ್ತಗೆ. ನಾಲ್ಕನೆಯದಕ್ಕೆ ಹಿಮ ನೀರಾಗಿ ಸ್ಕೀ ಕಚ್ಚಿಕೊಂಡಿತು, ಪಕ್ಕಕ್ಕೆ ಕುಸಿದಳು. ಪೆಟ್ಟಾಗಲಿಲ್ಲ. ಎದ್ದು ಸ್ಕೀಗಳನ್ನು ಕಳಚಿ ಹೆಗಲ ಮೇಲಿಟ್ಟುಕೊಂಡು, ಆ ಗೊಬ್ಬರದ ಹುಲ್ಲಿನ ಮೇಲೆ ಕುಂಟುತ್ತಾ ಕೆಳಗಿನವರೆಗೂ ನಡೆದು ಬಂದಳು. ಹೆಲ್ಮೆಟ್ಟಿನ ಹಿಂದಿನ ಆನೆ ನಮ್ಮೆಲ್ಲರಿಗೂ ಕಾಣುತ್ತಿತ್ತು. ಹೆಂಕ್ ಕೂಡ ‘ನಾನು ಹೇಳಿರಲಿಲ್ಲವೇ’ ಎನ್ನಲಿಲ್ಲ. ಅದು ಅವನ ದೊಡ್ಡತನ.

ಸೋಮವಾರ ಆಫೀಸಿನಲ್ಲಿ ಇವರನ್ನು ನೋಡಿದೆ. ಸೊಂಟ ನೆಟ್ಟಗಾಗಿತ್ತು. ಮುಖ ಮಾತ್ರ ವಿಚಿತ್ರವಾಗಿತ್ತು, ಕೆನ್ನೆ, ಮೂಗು, ಗದ್ದ ಎಲ್ಲ ಕಬ್ಬಿಣದ ಬಾಣಲೆಯ ಹಾಗೆ ಕಪ್ಪಿಟ್ಟು, ಕಣ್ಣಿನ ಸುತ್ತ ಮಾತ್ರ ತಿಳಿಯಾದ ಅಗಲ ಪಟ್ಟಿ. ಸ್ಕೀ ಕನ್ನಡಕ ಹಾಕಿಕೊಂಡು ಎತ್ತರದ ಬಿಸಿಲಿನಲ್ಲಿ ವಾರವಿಡೀ ನಿಂತವರಿಗೆ ಮಾತ್ರ ಬರುವ ಗುರುತು ಅದು. ಜೂಟರ್‌ಮೀರಿನಲ್ಲಿ ಸೊಂಟ ಹಿಡಿದು ಮಲಗಿದವರಿಗೆ ಬರುವುದಿಲ್ಲ. ಅದನ್ನು ಹೊತ್ತುಕೊಂಡೇ ಅವರು ಮಾರ್ಲೀಸ್‌ಳ ಮೇಜಿಗೆ ಹೋಗಿ, ಮೈಸೂರು ಪಾಕಿನ ಡಬ್ಬಿ ಇಟ್ಟು, ಅವಳ ಕೈ ಹಿಡಿದು, “ಪ್ರಕೃತಿ, ಮಾರ್ಲೀಸ್, ನಮ್ಮ ಕೈಯಲ್ಲಿ ಏನಿದೆ” ಎಂದರು. ಅವಳು ಅವರ ಮುಖವನ್ನೇ ನೋಡುತ್ತಾ ಒಂದು ತುಂಡು ತಿಂದಳು. ನಾನು ಎದ್ದು ಹೋದೆ.

ಸಂಜೆ ರೈಲಿನಲ್ಲಿ ಕೇಳಿದೆ. “ಎಲ್ಲಿಗೆ ಹೋಗಿದ್ರಿ?”

“ಹೆಂಕ್ ಹೇಳಿದ್ ಜಾಗಕ್ಕೇ. ಫ್ಯಾಮಿಲಿ ಜೊತೆ. ಡಿಸೆಂಬರ್‌ನಲ್ಲೇ ಬುಕ್ ಮಾಡಿದ್ದೆ” ಎಂದರು, ಸ್ವಲ್ಪವೂ ಅಳುಕದೆ. “ಸೂಪರ್ ಸ್ನೋ ಕಣ್ರೀ.”

“ಮಾರ್ಲೀಸ್‌ಗೆ ಹೇಳ್ಬಹುದಿತ್ತಲ್ಲ ಸಾರ್. ಡಿಸೆಂಬರ್‌ನಲ್ಲಿ ಇನ್ನೂ ಬದಲಾಯಿಸೋಕೆ ಆಗ್ತಿತ್ತು. ಅವರ ಕೊನೇ ಸಲ ಅದು.”

“ಹೇಳಿದ್ರೆ ಏನಾಗ್ತಿತ್ತು? ಅಕ್ಟೋಬರ್, ನವೆಂಬರ್, ಡಿಸೆಂಬರ್, ಮೂರು ತಿಂಗ್ಳು ಆಕೆ ಮದುವೆ ಹೆಣ್ಣಿನ ಥರ ಓಡಾಡಿದ್ಲು. ಅದನ್ನ ಕೊಟ್ಟೋನು ಯಾರು? ನಾನು. ಇಲಿ ಅಂದಿದ್ರೆ ಅದೂ ಇರ್ತಿರಲಿಲ್ಲ.” ಬೆರಳು ನೆಕ್ಕಿ ಉಚಿತ ಪತ್ರಿಕೆಯ ಹಾಳೆ ತಿರುವಿದರು. “ಅಷ್ಟಕ್ಕೂ ಇಲಿ ಅಂತ ನಿಮ್ಗೂ ಕಾಣಿಸ್ತಲ್ಲ. ನೀವ್ಯಾಕೆ ಹೇಳ್ಲಿಲ್ಲ?”

ಅಂದಿನಿಂದ ನಾನು ಅವರ ರೈಲು ತಪ್ಪಿಸಿ ಅದರ ಹಿಂದಿನದನ್ನು ಹಿಡಿಯತೊಡಗಿದೆ. ಅದೇ ನನ್ನ ಉತ್ತರ ಎನ್ನುವಂತೆ. ಅವರ ಮನೆಯ ಊಟಕ್ಕೆ ಹೋಗುವುದನ್ನು ಬಿಟ್ಟೆ. ಆ ಮೇಜಿನಲ್ಲಿ ಕೂರುವುದನ್ನು ಬಿಟ್ಟೆ. ಹೆಂಡತಿಯ ಎದುರು, ಗೆಳೆಯರ ಎದುರು, ಅವರನ್ನು ಬಾಯಿಗೆ ಬಂದಂತೆ ಆಡಿಕೊಂಡೆ. ಮಾರ್ಲೀಸ್‌ಳ ಎದುರು ಮಾತ್ರ ಆಡಲಿಲ್ಲ.

ಬೀಳ್ಕೊಡುಗೆಯ ದಿನ ಕ್ಯಾಂಟೀನಿನಲ್ಲೇ ಸಮಾರಂಭ. ಹೆಂಕ್ ಭಾಷಣ ಮಾಡಿದ. ಒಂದು ಗಾಜಿನ ಗೋಳ ಕೊಟ್ಟರು, ಅಲ್ಲಾಡಿಸಿದರೆ ಒಳಗೆ ಹಿಮ ಬೀಳುವಂಥದ್ದು. ಎಲ್ಲರೂ ನಕ್ಕರು. ಅವರು ಕಣ್ಣೊರೆಸಿಕೊಂಡರು, ಆ ಕಣ್ಣೀರು ನಿಜವಾದದ್ದೇ ಇರಬೇಕು, ಮುಂದಿನ ಚಳಿಗಾಲವೂ ಭರ್ಜರಿ ಎಂದು ಘೋಷಿಸಿದರು, ಕೇಕ್ ಕತ್ತರಿಸಿ ಬೆರಳಿಗಂಟಿದ ಕ್ರೀಮ್ ನೆಕ್ಕಿ ಎಲ್ಲರಿಗೂ ಹೋಳು ಎತ್ತಿಕೊಟ್ಟರು.

ಮಾರ್ಲೀಸ್ ಕೋಲು ಊರಿಕೊಂಡು ನನ್ನ ಪಕ್ಕಕ್ಕೆ ಬಂದಳು. ಹೊಸ ಮಂಡಿ ಚೆನ್ನಾಗಿದೆ, ಮೆಟ್ಟಿಲು ಮಾತ್ರ ಕಷ್ಟ ಎಂದಳು. ಕೈಚೀಲದಿಂದ ನಾಲ್ಕಾಗಿ ಮಡಿಸಿದ ಒಂದು ಹಾಳೆ ತೆಗೆದಳು. ಅದೇ ಹಾಳೆ. ಮಡಿಕೆಗಳಲ್ಲಿ ಸವೆದಿತ್ತು.

“ಇದನ್ನ ಫ್ರೇಮ್ ಹಾಕಿಸೋಣ ಅಂತಿದೀನಿ. ಇದರಲ್ಲಿ ಆನೆ ಎಲ್ಲಿದೆ, ಸ್ವಲ್ಪ ತೋರಿಸ್ತೀಯಾ?”

ಅವರು ಹತ್ತು ಹೆಜ್ಜೆ ಆಚೆ ನಿಂತು ನಗುತ್ತಿದ್ದರು. ಸುತ್ತ ಸಂಗೀತ, ಕೇಕು, ಸಂಭ್ರಮ. ಮಂಡಿ ಹೋಗಿಯಾಗಿದೆ, ಹಿಮ ಹೋಗಿಯಾಗಿದೆ, ಈಗ ಈ ಹೆಂಗಸಿಗೆ ಒಂದು ಆನೆಯಾದರೂ ಉಳಿಯಲಿ ಎಂದುಕೊಂಡೆ. ನಿಜ ಹೇಳುವುದಾದರೆ ಹಾಗೇನೂ ಅಂದುಕೊಳ್ಳಲಿಲ್ಲ, ಭಯವಾಯಿತು ಅಷ್ಟೇ. ಒಂದು ವರ್ಷ ಅವರನ್ನು ಬೈದುಕೊಂಡು ತಿರುಗಿದ ನಾನು ಚಿತ್ತೆಯ ಸಾಲಿಗೆ, ಆ ಒದ್ದೆಯ ಕಲೆ ಇನ್ನೂ ಕಾಣುತ್ತಿದ್ದ ಜಾಗಕ್ಕೆ, ಬೆರಳಿಟ್ಟು ಹೇಳಿದೆ.

“ಇಲ್ಲಿ. ಇದು ಆನೆ.”

ಅವಳು ನನ್ನ ಬೆರಳನ್ನು ಸ್ವಲ್ಪ ಹೊತ್ತು ನೋಡಿದಳು.

“ಆಪರೇಷನ್ ಆದ್ಮೇಲೆ ಆರು ವಾರ ಮನೇಲೇ ಬಿದ್ದಿದ್ದೆ. ಬೇಜಾರಾಗಿ ಒಂದಿನ ಇದಕ್ಕೆ ಫೋನ್ ಹಿಡಿದೆ. ಈಗಿನ ಫೋನು ಎಲ್ಲಾ ಭಾಷೆ ಓದುತ್ತೆ, ಗೊತ್ತಲ್ಲ. ಇಲಿ ಅಂತು. ಫೋನ್ ತಪ್ಪಿರಬಹುದು ಅಂದ್ಕೊಂಡೆ. ಅವರನ್ನ ಕೇಳಿ ಪ್ರಯೋಜನ ಇಲ್ಲ ಅಂತ ಗೊತ್ತಿತ್ತು. ನಿನ್ನನ್ನ ಕೇಳಿದ್ರೆ ಹೇಳ್ತೀಯ ಅಂದ್ಕೊಂಡಿದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಿಸಿ ನನ್ನ ಅಂಗೈಯಲ್ಲಿಟ್ಟಳು.

“ನೀನೇ ಇಟ್ಕೋ. ಓದೋಕೆ ಬರೋನು ನೀನು ತಾನೇ” ಎಂದಳು. ಕೋಲು ಊರುತ್ತಾ ಕೇಕಿನ ಕಡೆ ಹೋಗಿ, ಅವರು ಎತ್ತಿಕೊಟ್ಟ ಹೋಳನ್ನು ಥ್ಯಾಂಕ್ಸ್ ಹೇಳಿ ತೆಗೆದುಕೊಂಡಳು.